ತುತ್ತಜ್ಜಿಯ ಕೈ

ಜೂನ್ ೬

ಇವತ್ತಿನಿಂದ ಹೊಸ ಅಧ್ಯಯನ. ಬಟ್ಟೆ ಕಾರ್ಖಾನೆಯ ಹಿಂದಿರುವ ಕಾರ್ಮಿಕರ ವಸತಿಯಲ್ಲಿ ಕೆಲವು ತಿಂಗಳಿಂದ ಮಕ್ಕಳಿಗೆ ಟೈಫಾಯ್ಡ್ ಬರುತ್ತಲೇ ಇದೆ. ಒಂದು ಮಗು ತೀರಿಕೊಂಡಿದೆ. ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು ನಮ್ಮ ಕೆಲಸ. ಬೆಳಿಗ್ಗೆ ಸಭೆಯಲ್ಲಿ ಮೇಡಂ ಬೋರ್ಡಿನ ಮೇಲೆ ಎರಡು ಚೌಕ ಬರೆದರು. ಒಂದರಲ್ಲಿ ಜ್ವರ ಬಂದ ಮಕ್ಕಳು, ಇನ್ನೊಂದರಲ್ಲಿ ಅದೇ ಬೀದಿಯ, ಅದೇ ವಯಸ್ಸಿನ, ಜ್ವರ ಬರದ ಮಕ್ಕಳು. ಎರಡೂ ಕಡೆಯ ಮನೆಗಳಿಗೆ ಹೋಗಿ ಒಂದೇ ಪ್ರಶ್ನೆಗಳನ್ನು ಕೇಳಬೇಕು. ನೀರು ಎಲ್ಲಿಂದ, ಕುದಿಸುತ್ತೀರಾ, ಹೊರಗೆ ಏನು ತಿನ್ನಿಸುತ್ತೀರಿ, ಶೌಚಾಲಯ ಎಷ್ಟು ಮನೆಗೆ ಒಂದು. ಉತ್ತರ ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಅಪಾಯದ ಬೇರು.

"ಅಪಾಯದ ಅಂಶ ಅನ್ನೋದು ಒಂದು ಅಂಕಿ, ಆಪಾದನೆ ಅಲ್ಲ. ಕೇಳುವಾಗ ಮುಖದಲ್ಲಿ ಏನೂ ತೋರಿಸ್ಬೇಡಿ" ಎಂದರು ಮೇಡಂ. ಅದು ನನಗೆ ಚೆನ್ನಾಗಿ ಬರುತ್ತದೆ. ವಾರ್ಡಿನಲ್ಲಿ ನರ್ಸ್ ಆಗಿದ್ದಾಗ ರೋಗಿಗಳು ಕೈ ಹಿಡಿದುಕೊಂಡರೆ ಬಿಡುತ್ತಿರಲಿಲ್ಲ. ಸಂಶೋಧನೆಯಲ್ಲಿ ಆ ತಾಪತ್ರಯವಿಲ್ಲ. ಕೇಳುವುದು, ಬರೆದುಕೊಳ್ಳುವುದು, ಎದ್ದು ಬರುವುದು.

ಅಣ್ಣ ಫೋನ್ ಮಾಡಿದ್ದ. ಅಮ್ಮನ ಕಪಾಟು ಇನ್ನೂ ಹಾಗೇ ಇದೆಯಂತೆ. "ಒಂದು ಸಲ ಬಾರೆ, ನೀನು ನೋಡದೆ ತೆಗೆಯೋಕೆ ಮನಸ್ಸು ಬರ್ತಿಲ್ಲ" ಎಂದ. ಈ ತಿಂಗಳು ಆಗುವುದಿಲ್ಲ ಎಂದೆ.

ಜೂನ್ ೧೧

ಮೃತ ಪ್ರಕರಣದ ಮನೆಗೆ ಹೋಗಿದ್ದೆ. ಹೆಣ್ಣು, ನಾಲ್ಕು ವರ್ಷ. ಮಾಮೂಲಿ ಜ್ವರವೆಂದು ಅಂಗಡಿ ಮಾತ್ರೆ ಕೊಡುತ್ತ ಕಾಲ ಕಳೆದಿದ್ದಾರೆ. ಆಸ್ಪತ್ರೆಗೆ ತರುವ ಹೊತ್ತಿಗೆ ಕರುಳು ತೂತಾಗಿತ್ತು. ಮನೆ ಎಂದರೆ ಒಂದು ಕೋಣೆ, ಮೂಲೆಯಲ್ಲಿ ಒಲೆ, ಕಿಟಕಿ ಪಕ್ಕ ಹೊಲಿಗೆ ಯಂತ್ರ. ತಾಯಿ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು. ಗಂಡ ಕಾಣಲಿಲ್ಲ. ಅವನ ಬಗ್ಗೆ ನಮ್ಮಲ್ಲಿ ಪ್ರಶ್ನೆಯಿಲ್ಲ, ಕೇಳಲಿಲ್ಲ.

ನಾನು ಇನ್ನೂ ಪೆನ್ನು ತೆಗೆದಿರಲಿಲ್ಲ, ಅವಳೇ ಶುರು ಮಾಡಿದಳು.

"ಐಸ್‌ಕ್ಯಾಂಡಿ ಅಂತ ಬರ್ಕೊಳ್ಳಿ ಸಿಸ್ಟರ್. ಕಾರ್ಖಾನೆ ಗೇಟಲ್ಲಿ ತಳ್ಳುಗಾಡಿಯವನು ಬರ್ತಾನಲ್ಲ, ಅವನ ಹತ್ರ. ಕೆಂಪು ಬಣ್ಣದ್ದು."

"ಒಂದೊಂದಾಗಿ ಕೇಳ್ತೀನಿ. ಮೊದಲು ಕುಡಿಯೋ ನೀರು..."

"ಅವಳು ಕೇಳಲೂ ಇಲ್ಲ. ನಾನೇ ಕೊಡಿಸ್ದೆ. ಅವತ್ತು ಪಾಳಿ ಬೇಗ ಮುಗಿದಿತ್ತು, ಖುಷಿಯಾಗಿದ್ದೆ. ಅದನ್ನ ಬರ್ಕೊಂಡ್ರಾ?"

ಬರೆದುಕೊಂಡೆ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮಗುವಿನ ರಕ್ತದಿಂದ ಬೆಳೆಸಿದ ರೋಗಾಣುವಿನ ಮಾದರಿ ಇದೆ. ಅದನ್ನು ಅಧ್ಯಯನಕ್ಕೆ ಬಳಸಲು ಒಪ್ಪಿದಳು. ಫಲಿತಾಂಶ ತಿಳಿಸಬೇಕೇ ಎಂದು ಕೇಳಿದೆ. "ಐಸಿಂದಾನೇ ಅಂತ ಗೊತ್ತಾದ್ರೆ ನನಗೆ ಹೇಳ್ಬೇಕು. ನನ್ನ ಮುಖ ನೋಡ್ಕೊಂಡೇ ಹೇಳ್ಬೇಕು" ಎಂದಳು.

ಒಲೆಯ ಬಳಿ ಮುದುಕಿಯೊಬ್ಬಳು ಪಾತ್ರೆ ಉಜ್ಜುತ್ತಿದ್ದಳು. ಇವಳ ತಾಯಿಯಂತೆ. ನೀರು ತಂದುಕೊಟ್ಟಳು. ನನ್ನ ಬಾಟಲಿ ತೋರಿಸಿ ಬೇಡವೆಂದೆ.

ಜೂನ್ ೧೪

ಕಾರ್ಖಾನೆಯ ಶಿಶುವಿಹಾರ. ತಾಯಂದಿರು ಪಾಳಿಗೆ ಹೋಗುವಾಗ ಮಕ್ಕಳನ್ನು ಇಲ್ಲಿ ಬಿಡುತ್ತಾರೆ. ಅಡುಗೆಯವಳು ಮೊನ್ನೆಯ ಆ ಮುದುಕಿಯೇ. ಮಕ್ಕಳು ಅವಳನ್ನು ತುತ್ತಜ್ಜಿ ಎನ್ನುತ್ತವೆ, ಈಗ ದೊಡ್ಡವರೂ ಹಾಗೇ ಕರೆಯುತ್ತಾರೆ. ತಿನ್ನಲು ಹಟ ಮಾಡುವ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ತಾನೇ ತುತ್ತಿಡುತ್ತಾಳೆ, ಅದಕ್ಕೆ. ಮೊಮ್ಮಗಳು ಹೋದ ಮೇಲೂ ರಜೆ ಹಾಕಲಿಲ್ಲ ಎಂದರು ಮೇಲ್ವಿಚಾರಕಿ.

"ಮನೇಲಿ ಕೂತು ಏನ್ ಮಾಡ್ಲಿ ನರ್ಸಮ್ಮ?" ಎಂದಳು ಅಡುಗೆಯವಳು. "ಇಲ್ಲಾದ್ರೆ ಇಷ್ಟೊಂದು ಬಾಯಿ ಕಾಯ್ತಿರ್ತವೆ."

ಅಡುಗೆಮನೆ ಚೊಕ್ಕಟವಾಗಿದೆ. ನೀರು ಕುದಿಸುತ್ತಾರೆ.

ಜೂನ್ ೨೬

ಮಳೆ. ಹೊರಗೆ ಓಡಾಡುವಂತಿರಲಿಲ್ಲ, ಮಧ್ಯಾಹ್ನದ ತನಕ ಶಿಶುವಿಹಾರದಲ್ಲೇ ಕೂತಿದ್ದೆ. ನಾನು ಡಬ್ಬಿ ತೆರೆದು ಬ್ರೆಡ್ಡಿನ ಎರಡು ತುಂಡು ತೆಗೆದದ್ದನ್ನು ಅಡುಗೆಯಾಕೆ ನೋಡಿಬಿಟ್ಟಳು.

"ಇದೇನು ಊಟಾನಾ, ಊಟದ ಫೋಟೋನಾ?"

ಮಕ್ಕಳೆಲ್ಲ ನಕ್ಕವು. ಆಲೂಗಡ್ಡೆಯ ಬಿಸಿ ಸೂಪು, ಬೇಯಿಸಿದ ಮೊಟ್ಟೆ ತಂದು ಮುಂದಿಟ್ಟಳು. ಜನ ನಮ್ಮನ್ನು ನಂಬಿದರೆ ಉತ್ತರ ಸರಿಯಾಗಿ ಕೊಡುತ್ತಾರೆ, ಅದಕ್ಕಾಗಿ ತಿಂದೆ. ನಾನು ಲಸಿಕೆ ಹಾಕಿಸಿಕೊಂಡವಳು, ಭಯವಿಲ್ಲ. ಸೂಪನ್ನು ಎರಡನೇ ಸಲ ಬಡಿಸಿಕೊಂಡದ್ದೂ ಆ ನಂಬಿಕೆಗಾಗಿಯೇ.

"ನಿಮ್ಮಮ್ಮ ಇದಾರಾ?" ಎಂದು ಕೇಳಿದಳು.

"ಇಲ್ಲ. ಈ ವರ್ಷ ಹೋದ್ರು."

ಅಯ್ಯೋ ಪಾಪ ಎನ್ನಲಿಲ್ಲ. ಇನ್ನೊಂದು ಸೌಟು ಬಡಿಸಿದಳು, ಅಷ್ಟೇ. ಆಮೇಲೆ ಅವಳೇ ಮೊಮ್ಮಗಳ ಮಾತೆತ್ತಿದಳು. ಖುಷಿಯಾದರೆ ನಿಂತಲ್ಲೇ ಗಿರಗಿರ ತಿರುಗುತ್ತಿತ್ತಂತೆ ಮಗು. ತಲೆ ಸುತ್ತಿ ಬಿದ್ದು, ಎದ್ದು ಮತ್ತೆ ತಿರುಗುವುದು. ಅದಕ್ಕೇ ಬುಗುರಿ ಎಂದು ಕರೆಯುತ್ತಿದ್ದರು. "ನಿಂತ್ಕೊಂಡು ಒಂದು ತುತ್ತು ತಿಂದವಳಲ್ಲ. ನಾನು ಹಿಂದೆ ಹಿಂದೆ ಓಡ್ಬೇಕು. ಮಂಡಿ ನೋವು ಅಂತ ಬೈತಿದ್ದೆ. ಈಗ ಮಂಡಿಗೆ ಭಾರಿ ಆರಾಮ" ಎಂದು ಹೇಳಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಜುಲೈ ೩

ಅಂಕಿಗಳು ಮಾತಾಡಲು ಶುರು ಮಾಡಿವೆ! ಎರಡೂ ಚೌಕದ ಮಕ್ಕಳು ಕುಡಿಯುವ ನೀರು ಒಂದೇ. ಐಸ್‌ಕ್ಯಾಂಡಿಯನ್ನು ಜ್ವರ ಬಂದವರೂ ತಿಂದಿದ್ದಾರೆ, ಬರದವರೂ ಅಷ್ಟೇ ತಿಂದಿದ್ದಾರೆ. ಬೇರೆಯಾಗುವುದು ಒಂದೇ ಕಡೆ. ಜ್ವರ ಬಂದವರಲ್ಲಿ ಬಹುಪಾಲು ಶಿಶುವಿಹಾರದ ಮಕ್ಕಳು. ಅದರಲ್ಲೂ ಮಧ್ಯಾಹ್ನ ಮಲಗೆದ್ದ ಮೇಲೆ ಕೊಡುವ ಹಣ್ಣು ತಿಂದವರು. ಸೂಪು, ಮೊಟ್ಟೆ ಬಿಸಿಯಾಗಿರುತ್ತವೆ, ಅವುಗಳಲ್ಲಿ ರೋಗಾಣು ಉಳಿಯುವುದಿಲ್ಲ. ಹಣ್ಣು ಹಾಗಲ್ಲ. ಹೆಚ್ಚಿದ ಕೈಯಿಂದ ನೇರ ಬಾಯಿಗೆ.

ಮೇಡಂ ಬೆನ್ನು ತಟ್ಟಿದರು. ಸಂಜೆ ನಡೆದುಕೊಂಡೇ ಮನೆಗೆ ಬಂದೆ. ದಾರಿಯ ಅರ್ಧಕ್ಕೆ ಬಂದಾಗ, ಹಣ್ಣು ಹೆಚ್ಚುವವರು ಯಾರು ಎಂಬುದು ನೆನಪಾಯಿತು.

ಜುಲೈ ೫

ಅಡುಗೆಮನೆಗೆ ಹೋಗಿಬರುವ ಎಲ್ಲರ ಮಲದ ಪರೀಕ್ಷೆ. ತುತ್ತಜ್ಜಿಗೆ ಡಬ್ಬಿ ಕೊಟ್ಟು ಹೇಗೆಂದು ವಿವರಿಸಿದೆ. ಮುಚ್ಚಳ ತೆಗೆದು ನೋಡಿ, ಹಾಕಿ, ಮತ್ತೆ ತೆಗೆದು ನೋಡಿದಳು.

"ಇದನ್ನ ಇಷ್ಟು ಚೆಂದದ ಡಬ್ಬೀಲಿ ಹಾಕಿ, ಮೇಲೆ ಹೆಸರು ಬೇರೆ ಬರೆದು, ಐಸ್ ಪೆಟ್ಟಿಗೇಲಿ ಕೂರಿಸ್ಕೊಂಡು ಹೋಗ್ತೀರಾ? ನನ್ನನ್ನೇ ಯಾರೂ ಇಷ್ಟು ಮರ್ಯಾದೆಯಿಂದ ಕರ್ಕೊಂಡು ಹೋಗಿಲ್ಲ ಕಣಮ್ಮ."

ಹೊಟ್ಟೆ ಹಿಡಿದುಕೊಂಡು ನಕ್ಕೆ. ಮೇಲ್ವಿಚಾರಕಿಯೂ ನಕ್ಕರು. ತುಂಬ ದಿನಗಳ ಮೇಲೆ ನಕ್ಕದ್ದಕ್ಕೋ ಏನೋ, ಗಂಟಲು ನೋಯುತ್ತಿದೆ.

ಜುಲೈ ೧೩

ಬಂತು. ತುತ್ತಜ್ಜಿಯೇ.

ಜುಲೈ ೧೫

ಆಸ್ಪತ್ರೆಯ ಚಿಕ್ಕ ಕೋಣೆಯಲ್ಲಿ ಹೇಳಿದ್ದಾಯಿತು. ಮೇಡಂ ಜೊತೆಗಿದ್ದರು, ಆದರೆ ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದುದರಿಂದ ನಾನೇ ಹೇಳಬೇಕಾಯಿತು.

"ಅಜ್ಜಿ, ನಿಮ್ಮ ಹೊಟ್ಟೇಲಿ ಟೈಫಾಯ್ಡ್ ರೋಗಾಣು ಇದೆ. ಯಾವಾಗ್ಲೋ ನಿಮಗೆ ಜ್ವರ ಬಂದು ಹೋಗಿರುತ್ತೆ. ಸ್ಕ್ಯಾನಲ್ಲಿ ಪಿತ್ತಕೋಶದ ಕಲ್ಲುಗಳು ಕಂಡವಲ್ಲ, ಅಲ್ಲಿ ಸೇರ್ಕೊಂಡು ಉಳಿದುಬಿಟ್ಟಿದೆ. ನಿಮಗೇನೂ ಮಾಡಲ್ಲ."

"ನಂಗೆ ಚೆನ್ನಾಗೇ ಇದೆಯಲ್ಲ."

"ನಿಮಗೆ ಚೆನ್ನಾಗೇ ಇರುತ್ತೆ."

ಅವರು ಬುದ್ಧಿವಂತೆ. ಮುಂದಿನದನ್ನು ನಾನು ಹೇಳಬೇಕಾಗಲಿಲ್ಲ. ತೊಡೆಯ ಮೇಲಿದ್ದ ಎರಡೂ ಕೈಗಳನ್ನು ಮಗುಚಿ ನೋಡಿಕೊಂಡರು. "ದಿನಾ ತೊಳೀತೀನಲ್ಲ" ಎಂದರು. ತೊಳೆಯುತ್ತಾರೆ, ನಾನೇ ನೋಡಿದ್ದೇನೆ. ಇಷ್ಟೊಂದು ಮಕ್ಕಳಿಗೆ ಒಬ್ಬರೇ ಉಣಿಸುವ ಕಡೆ ಯಾವುದೋ ಒಂದು ಸಲ ಅವಸರವಾಗುತ್ತದೆ. ಒಂದು ಸಲ ಸಾಕು.

ಆಮೇಲೆ, "ನಮ್ಮ ಬುಗುರಿಗೂ?" ಎಂದರು.

"ಅದು ಇನ್ನೂ ಗೊತ್ತಿಲ್ಲ."

"ಗೊತ್ತಾಗೋ ದಾರಿ ಇದೆಯಾ?"

ಇದೆ ಎಂದೆ. ಮಗುವಿನ ಮಾದರಿಯನ್ನೂ ಇವರದನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಒಂದೇ ಮೂಲದ್ದಾದರೆ ತಿಳಿಯುತ್ತದೆ. ಬೇಡವೆನ್ನಲಿ ಎಂದು ಒಳಗೊಳಗೇ ಬೇಡಿಕೊಂಡೆ.

"ನೋಡಿಬಿಡಿ" ಎಂದರು.

ಜುಲೈ ೨೪

ಅಜ್ಜಿ ಕೆಲಸಕ್ಕೆ ಹೋಗುತ್ತಿಲ್ಲ. ಮಾತ್ರೆ ಶುರುವಾಗಿದೆ, ಆಮೇಲೆ ಪಿತ್ತಕೋಶ ತೆಗೆಯಬೇಕು. ಯಾರ ಹೆಸರನ್ನೂ ನಾವು ಹೇಳಿಲ್ಲ. ಆದರೂ ಅಡುಗೆಮನೆಗೆ ಹೊಸಬರು ಬಂದ ಮೇಲೆ ವಸತಿಯವರಿಗೆ ಊಹಿಸಲು ಎಷ್ಟು ಹೊತ್ತು ಬೇಕು? ಇವತ್ತು ನಲ್ಲಿಯ ಹತ್ತಿರ ಅಜ್ಜಿ ಕೊಡ ಇಟ್ಟ ಕೂಡಲೇ ಹೆಂಗಸರು ತಮ್ಮ ಕೊಡಗಳನ್ನು ಸರಿಸಿಕೊಂಡರು. ತುತ್ತಜ್ಜೀ ಎಂದು ಓಡಿಬಂದ ಮಗುವೊಂದನ್ನು ಅಪ್ಪ ತೋಳು ಹಿಡಿದು ಎಳೆದುಕೊಂಡು ಹೋದ. ಅಜ್ಜಿ ಖಾಲಿ ಕೊಡ ಎತ್ತಿಕೊಂಡು ವಾಪಸಾದರು. ನಾನು ಎರಡು ಕೊಡ ನೀರು ತುಂಬಿಸಿ ಕೊಟ್ಟು ಬಂದೆ. ದಾರಿಯಲ್ಲೇ ಇತ್ತು ಮನೆ.

ಮಗಳಿಗೆ ಅವರು ಹೇಳಿರುವುದು ಪಿತ್ತಕೋಶದ ಕಲ್ಲಿನ ವಿಷಯ ಮಾತ್ರ. ಊರವರ ಮಾತು ಅವಳ ಕಿವಿಗೆ ಬೀಳುತ್ತಲೇ ಇಲ್ಲ, ಅವಳು ಯಾರೊಡನೆಯೂ ಮಾತಾಡುವುದಿಲ್ಲ.

ಆಗಸ್ಟ್ ೯

ಎರಡೂ ಮಾದರಿ ಒಂದೇ.

ಅಜ್ಜಿಗೆ ಹೇಳಿದೆ. "ಹೂಂ" ಎಂದರು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಇಬ್ಬರೂ ಏಳಲಿಲ್ಲ.

ಆಗಸ್ಟ್ ೧೨

ಮೇಡಂ ಕೋಣೆಯಲ್ಲಿ ಮಾತಾಯಿತು. ಮಗುವಿನ ಫಲಿತಾಂಶ ತಿಳಿಯುವ ಹಕ್ಕು ತಾಯಿಯದು, ಅವಳು ಕೇಳಿಯೂ ಇದ್ದಾಳೆ. ಆದರೆ ಅದನ್ನು ಹೇಳಿದರೆ ಅಜ್ಜಿಯ ಫಲಿತಾಂಶವನ್ನೂ ಹೇಳಿದಂತೆ. ಅದು ಅಜ್ಜಿಯದು. ಅವರು ಒಪ್ಪದೆ ನಾವು ಬಾಯಿ ಬಿಡುವಂತಿಲ್ಲ.

"ಒಪ್ಪದಿದ್ರೆ?" ಎಂದೆ.

"ಒಪ್ಪದಿದ್ರೆ ಇಲ್ಲ. ಐಸ್‌ಕ್ಯಾಂಡಿಗೂ ರೋಗಕ್ಕೂ ಸಂಬಂಧ ಕಾಣಲಿಲ್ಲ ಅಂತ ಮಾತ್ರ ಹೇಳಬಹುದು. ಅದು ಇಡೀ ಅಧ್ಯಯನದ ಫಲಿತಾಂಶ, ಯಾರಿಗೆ ಬೇಕಾದ್ರೂ ಹೇಳಬಹುದು."

ಅದನ್ನಾದರೂ ಹೇಳೋಣವೆಂದು ಸಂಜೆ ಕಾರ್ಖಾನೆಯ ಹತ್ತಿರ ಕಾದೆ. ಅಜ್ಜಿಯ ಮಗಳು ಗೇಟಿನಿಂದ ಬರುವುದನ್ನೇ ಬಿಟ್ಟಿದ್ದಾಳೆ, ಹಿಂದಿನ ಗೋಡೆ ಬಳಸಿಕೊಂಡು ಹೋಗುತ್ತಾಳೆ. "ಗೇಟಲ್ಲಿ ಆ ಗಾಡಿಯವನು, ಪಾಪು ಎಲ್ಲಿ, ಕಾಣ್ಸೋದೇ ಇಲ್ಲ ಅಂತಾನೆ ಸಿಸ್ಟರ್. ಅವನಿಗೆ ಗೊತ್ತೇ ಇಲ್ಲ" ಎಂದಳು. ಐಸ್ ತಿಂದ ಮಕ್ಕಳಿಗೂ ತಿನ್ನದ ಮಕ್ಕಳಿಗೂ ವ್ಯತ್ಯಾಸವೇ ಇಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಎಲ್ಲವನ್ನೂ ಕೇಳಿಸಿಕೊಂಡಳು.

"ಅದು ಊರ ಮಕ್ಕಳ ಲೆಕ್ಕ. ನನ್ನ ಮಗು ತಿಂದದ್ದು ನಾನು ಕೊಡಿಸಿದ ಐಸು."

ಕೆನ್ನೆ ಒಳಗೆ ಹೋಗಿದೆ. ಸೂಜಿ ಹೊಕ್ಕು ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಮನಸ್ಸು ಎಲ್ಲೋ ಇದ್ದರೆ ಹಾಗಾಗುತ್ತದೆ.

ಆಗಸ್ಟ್ ೧೭

ಅಜ್ಜಿಗೆ ಮಗಳ ಬೆರಳಿನ ವಿಷಯ ಹೇಳಿದೆ. ಹೇಳಬಾರದಿತ್ತೇನೋ. ಅವರ ತಲೆಯ ಮೇಲೆ ಇನ್ನೊಂದು ಭಾರ ಹೊರಿಸಿದಂತಾಯಿತು. ಆದರೆ ಹೇಳದೆಯೂ ಇರಲಾಗಲಿಲ್ಲ.

"ನಿಮ್ಮ ಬಾಯಿಂದ ಬೇಡ. ನಾನೇ ಹೇಳ್ತೀನಿ" ಎಂದರು. "ದಿನಾ ಹೇಳೋಣ ಅಂತಾನೇ ಏಳ್ತೀನಿ ಕಣಮ್ಮ. ಅವಳು ಎದ್ದು ಮುಖ ತೊಳ್ಕೊಂಡು ಬರ್ತಾಳೆ. ಈ ಮುಖಕ್ಕೆ ಹೇಗೆ ಹೇಳ್ಲಿ ಅನ್ಸುತ್ತೆ. ಅವಳಿಗೆ ಉಳಿದಿರೋಳು ನಾನೊಬ್ಬಳು. ಹೇಳಿದ್ರೆ ನಾನೂ ಹೋದಂಗೇ."

ಹೇಳದಿದ್ದರೂ ಯಾರೂ ಕೇಳುವುದಿಲ್ಲ, ನಿಮ್ಮ ಇಷ್ಟ, ಎಂದೆ. ನಿಯಮವೂ ಅದೇ.

"ಯಾರೂ ಕೇಳಲ್ಲ ನಿಜ" ಎಂದರು. "ಆದ್ರೆ ಅವಳು ಆ ಐಸನ್ನ ಇಟ್ಕೊಂಡೇ ಸಾಯ್ತಾಳಲ್ಲ."

ಆಗಸ್ಟ್ ೨೦

ಅಜ್ಜಿ ಬರಹೇಳಿದ್ದರು. ಹೋದಾಗ ಮಗಳು ಹೊಲಿಯುತ್ತಿದ್ದಳು. "ಮಿಷನ್ ನಿಲ್ಸು" ಎಂದರು ಅಜ್ಜಿ. ಗೋಡೆಗೆ ಒರಗಿ ಕೂತಿದ್ದರು.

"ಐಸ್ ಅಲ್ಲ ಕಣೆ. ನಾನು."

"ಏನಮ್ಮಾ?"

"ಮಗೂಗೆ ಜ್ವರ ಬಂದಿದ್ದು ಐಸಿಂದ ಅಲ್ಲ, ನನ್ನ ಕೈಯಿಂದ. ರೋಗ ನನ್ನ ಹೊಟ್ಟೇಲಿತ್ತು. ನನಗೆ ಗೊತ್ತಾಗ್ಲಿಲ್ಲ. ಆಸ್ಪತ್ರೆಯೋರು ಎರಡನ್ನೂ ಇಟ್ಟು ನೋಡಿದಾರೆ. ಬೇಕಾದ್ರೆ ಇವರನ್ನ ಕೇಳು."

ಮಗಳು ನನ್ನ ಕಡೆ ತಿರುಗಿದಳು. ಹೌದೆಂದು ತಲೆಯಾಡಿಸಿದೆ.

"ಹಾಗಾದ್ರೆ ನಾನಲ್ವಾ?" ಎಂದಳು.

ಆಗ ಅವಳ ಮುಖ ಹೇಗಾಯಿತು ಎಂದು ಬರೆಯಲು ಬರುತ್ತಿಲ್ಲ. ನಾನು ನೋಡಿದಾಗಿನಿಂದ ಬಿಗಿದೇ ಇದ್ದ ಮುಖ ಒಮ್ಮೆಲೇ ಸಡಿಲಾಯಿತು. ತುಟಿ ನಗುವಿನಂತೆ ತೆರೆಯಿತು. ಆಮೇಲೆ ಎದುರಿಗೆ ಕೂತ ತಾಯಿಯನ್ನು ನೋಡಿದಳು. ತಾನು ಯಾವುದಕ್ಕೆ ಹಗುರಾದೆನೆಂದು ತಿಳಿದದ್ದು ಆಗ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ನೀನಲ್ಲ ಕಣೆ" ಎಂದರು ಅಜ್ಜಿ. "ಅದನ್ನ ಹೇಳೋಕೇ ಕರೆದಿದ್ದು."

ಮಗಳು ಯಂತ್ರದ ಕಡೆ ತಿರುಗಿ ತುಳಿಯತೊಡಗಿದಳು. ಸೂಜಿಯ ದಾರ ಕಡಿದುಹೋದದ್ದೂ ಅವಳಿಗೆ ತಿಳಿಯಲಿಲ್ಲ.

ಆಗಸ್ಟ್ ೨೩

ಮಗಳು ಜೊತೆ ಕೆಲಸದವಳೊಬ್ಬಳ ಕೋಣೆಗೆ ಹೋಗಿದ್ದಾಳೆ. ಜಗಳವಾಡಲಿಲ್ಲವಂತೆ, ಬಟ್ಟೆ ತುಂಬಿಕೊಂಡು ಹೊರಟಳಂತೆ. ಬಾಗಿಲಲ್ಲಿ ನಿಂತು "ಮಾತ್ರೆ ಮರೀಬೇಡ" ಎಂದಳಂತೆ.

ಸಂಜೆ ಹೋಗಿ ಏನೋ ಬೇಯಿಸಿಟ್ಟೆ. ನನ್ನ ಅಡುಗೆ ತಿಂದು ಅಜ್ಜಿ, "ನಿಮ್ಮ ಬ್ರೆಡ್ಡೇ ವಾಸಿ" ಎಂದರು. ಬೇರೆ ತಟ್ಟೆ, ಬೇರೆ ಲೋಟ ಇಟ್ಟುಕೊಂಡಿದ್ದಾರೆ. ನಾನು ಹತ್ತಿರ ಹೋದರೆ ಕೈಗಳನ್ನು ಶಾಲಿನೊಳಗೆ ಎಳೆದುಕೊಳ್ಳುತ್ತಾರೆ.

"ಮುಟ್ಟಿದ ಮಾತ್ರಕ್ಕೆ ಬರಲ್ಲ ಅಜ್ಜಿ. ಸೋಪು ಹಾಕಿ ತೊಳೆದ್ರೆ ಆಯ್ತು."

"ಗೊತ್ತು ಕಣಮ್ಮ. ಗೊತ್ತಿದ್ರೂ ಕೈ ಮುಂದೆ ಬರಲ್ಲ."

ಆಗಸ್ಟ್ ೨೯

ಸಭೆ. ನಮ್ಮ ಅಧ್ಯಯನವನ್ನು ದೊಡ್ಡ ಸಮ್ಮೇಳನಕ್ಕೆ ಆರಿಸಿದ್ದಾರೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೃತ ಪ್ರಕರಣದ ವಿವರ ಓದಿ ಎಂದರು ಮೇಡಂ. "ಬುಗುರಿ, ನಾಲ್ಕು ವರ್ಷ" ಎಂದು ಶುರು ಮಾಡಿಬಿಟ್ಟೆ. ಎಲ್ಲರೂ ತಲೆ ಎತ್ತಿದರು. ನಾಲಿಗೆ ಜಾರಿತು. ನಿದ್ದೆ ಸಾಲುತ್ತಿಲ್ಲವೇನೋ.

ಸೆಪ್ಟೆಂಬರ್ ೧

ಅಣ್ಣನ ಮನೆಗೆ ಹೋಗಿಬಂದೆ. ಭಾನುವಾರ, ಬೇರೆ ಕೆಲಸವಿರಲಿಲ್ಲ. ಕಪಾಟು ತೆಗೆದೆವು. ಅಮ್ಮನ ಉಣ್ಣೆಯ ಅಂಗಿಯ ಜೇಬಿನಲ್ಲಿ ಕೆಮ್ಮಿನ ಮಿಠಾಯಿಯ ಹೊದಿಕೆ ಇತ್ತು, ಮಡಿಸಿ ಮಡಿಸಿ ಚಿಕ್ಕದು ಮಾಡಿದ್ದು. ಅಣ್ಣ ಅತ್ತ. ನಾನು ಪಕ್ಕದಲ್ಲಿ ಕೂತಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು ತನ್ನ ಕರವಸ್ತ್ರ ಕೊಟ್ಟಳು. ಯಾಕೆ ಎಂದು ಮೊದಲು ತಿಳಿಯಲೇ ಇಲ್ಲ.

ಸೆಪ್ಟೆಂಬರ್ ೧೦

ಇವತ್ತು ಆಪರೇಷನ್. ರಜೆ ಹಾಕಿದ್ದೆ. ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತಿದ್ದಾಗ ಮಗಳು ಬಂದಳು, ಪಾಳಿಯ ಅಂಗಿಯಲ್ಲೇ. ನನ್ನಿಂದ ಸ್ವಲ್ಪ ದೂರ ಕೂತಳು.

"ಅವಳಿಗೆ ಗೊತ್ತಿರ್ಲಿಲ್ಲ ತಾನೆ ಸಿಸ್ಟರ್?"

"ಗೊತ್ತಿರ್ಲಿಲ್ಲ. ಗೊತ್ತಾಗೋಕೆ ಸಾಧ್ಯವೇ ಇರ್ಲಿಲ್ಲ."

"ನಂಗೂ ಗೊತ್ತು. ದಿನಾ ನನಗೆ ನಾನೇ ಹೇಳ್ಕೋತೀನಿ. ಆದ್ರೂ ಅವಳು ತುತ್ತು ಕಲಸೋದು ಕಣ್ಣ ಮುಂದೆ ಬರುತ್ತೆ. ಏನ್ ಮಾಡ್ಲಿ?"

ಇಂಥದಕ್ಕೆ ಹೇಳಲು ಮೊದಲಾದರೆ ನನ್ನ ಹತ್ತಿರ ಸಿದ್ಧವಾದ ಮಾತುಗಳಿದ್ದವು. ಈಗ ಅವಳ ಪಕ್ಕಕ್ಕೆ ಸರಿದು ಕೂತೆ. ಸ್ವಲ್ಪ ಹೊತ್ತಿಗೆ ಅವಳು ನನ್ನ ಕೈ ಹಿಡಿದುಕೊಂಡಳು, ಡಾಕ್ಟರು ಹೊರಗೆ ಬರುವವರೆಗೂ ಬಿಡಲಿಲ್ಲ.

ಎಲ್ಲ ಸುಸೂತ್ರವಾಯಿತು. ಕಲ್ಲುಗಳನ್ನು ಶೀಶೆಯಲ್ಲಿ ಹಾಕಿ ತೋರಿಸಿದರು. ಅವಳು ನೋಡಲಿಲ್ಲ. ಒಳಗೆ ಹೋಗಿ ಮಂಚದ ಕಾಲ ಬಳಿ ನಿಂತು, ಅಜ್ಜಿಗೆ ಎಚ್ಚರವಾಗುವ ಮೊದಲೇ ಹೊರಟುಹೋದಳು.

ಸೆಪ್ಟೆಂಬರ್ ೧೪

ಅಜ್ಜಿಯನ್ನು ಮನೆಗೆ ಕಳಿಸಿದರು. ಇನ್ನೂ ಕೆಲವು ತಿಂಗಳು ಪರೀಕ್ಷೆ ಮಾಡಿಸುತ್ತಿರಬೇಕು. ಶಿಶುವಿಹಾರಕ್ಕೆ ಅವರು ಹೋಗುವುದಿಲ್ಲ. ಪರೀಕ್ಷೆ ಏನೇ ಹೇಳಲಿ, ಆ ಬಾಗಿಲು ತುಳಿಯುವುದಿಲ್ಲವೆಂದು ನಿನ್ನೆಯೇ ಹೇಳಿದ್ದರು.

ನಾನು ಗಾಡಿ ಗೊತ್ತುಮಾಡಿ ಬರುವ ಹೊತ್ತಿಗೆ ಮಗಳು ಬಂದಿದ್ದಳು. ಔಷಧಿ ಚೀಟಿಯನ್ನು ನರ್ಸ್ ಹತ್ತಿರ ಎರಡೆರಡು ಸಲ ಕೇಳಿ ತಿಳಿದುಕೊಳ್ಳುತ್ತಿದ್ದಳು. ತಾಯಿಯೊಡನೆ ಮಾತಿಲ್ಲ. ಅಜ್ಜಿಯ ಅಂಗಿಯ ಗುಂಡಿ ತಪ್ಪು ಕಾಜಕ್ಕೆ ಹಾಕಿತ್ತು. ಅದನ್ನು ನೋಡಿ, ಬಗ್ಗಿ, ಬಿಚ್ಚಿ ಸರಿಯಾಗಿ ಹಾಕಿದಳು. ಆಗಲೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹೊರಗೆ ಮೆಟ್ಟಿಲು. ಅಜ್ಜಿ ಮೇಲಿನ ಮೆಟ್ಟಿಲಲ್ಲಿ ನಿಂತುಬಿಟ್ಟರು. ಹಿಡಿದುಕೊಳ್ಳಲು ಕಂಬಿ ಇರಲಿಲ್ಲ. ಮಗಳು ಎರಡು ಮೆಟ್ಟಿಲು ಇಳಿದಿದ್ದವಳು ತಿರುಗಿ ನೋಡಿದಳು.

"ಕೈ ಕೊಡು."

ಅಜ್ಜಿ ಅಲುಗಾಡಲಿಲ್ಲ. ಕೈ ಶಾಲಿನೊಳಗೆ ಮುದುರಿಕೊಂಡೇ ಇತ್ತು.

"ಅಮ್ಮಾ, ಬೀಳ್ತೀಯ. ಕೊಡು."

ಹಿಂದೆ ಜನ ನಿಂತರು. ಯಾರೋ, ಸ್ವಲ್ಪ ಬೇಗ ಇಳೀರಮ್ಮಾ ಎಂದರು. ಮಗಳು ಅವರ ಕಡೆ ನೋಡಲಿಲ್ಲ, ಚಾಚಿದ ಕೈಯನ್ನು ಇಳಿಸಲೂ ಇಲ್ಲ. ಕೊನೆಗೆ ಶಾಲಿನ ಅಂಚು ಸರಿಯಿತು. ಆ ಮುದಿ ಕೈ ಹೊರಗೆ ಬಂದು, ಬೆರಳಲ್ಲಿ ಸೂಜಿಯ ಕಲೆಯಿದ್ದ ಮಗಳ ಕೈ ಮೇಲೆ ಕೂತಿತು.

ಇಬ್ಬರೂ ಒಂದೊಂದೇ ಮೆಟ್ಟಿಲು ಇಳಿದರು. ನಾನು ಚೀಲ ಎತ್ತಿಕೊಂಡು ಹಿಂದೆ ಹೋದೆ.